ವಾರಕ್ಕೊಂದು ಬಾಲ್ದಿ ನೀರು

ಮುಂಬಯಿ, ಪುಣೆ ಮೊದಲಾದ ನಗರಗಳಲ್ಲಿ ನಮ್ಮವರು ನಡೆಸುವ ಹೊಟೇಲುಗಳಲ್ಲಿ ಗಲ್ಲೆಯ ಪಕ್ಕಕ್ಕೆ ಗಾಜಿನ ತೊಟ್ಟಿಯೊಂದನ್ನಿಟ್ಟು ಬಣ್ಣದ ಮೀನುಗಳನ್ನು ಸಾಕುವ ಪದ್ಧತಿ ಹೊಸತೇನೂ ಅಲ್ಲ. 1951ರಲ್ಲಿ ಮರೀನ್ ಡ್ರೈವಿನಲ್ಲಿ ತಾರಾಪೋರವಾಲಾ ಮತ್ಸ್ಯಾಲಯವು ತೆರೆದ ಮೇಲೆ, ಊರಿನಿಂದ ಬಂದ ನೆಂಟರಿಗೆ ಮುಂಬಯಿ ತೋರಿಸಲು ಹೊರಟವರು ಬಹುಕಾಲ ಅಲ್ಲಿಗೂ ಅವರನ್ನು ಕರೆದೊಯ್ಯುತ್ತಿದ್ದರು. ಅಲ್ಲಿ ಕಂಡ ಸೊಬಗಿನ ಒಂದು ಚೂರನ್ನು ತಮ್ಮ ಬಿಡಾರದಲ್ಲಿಯೂ ಇಟ್ಟುಕೊಳ್ಳಬೇಕೆಂಬ ಆಸೆ ಸಹಜವಾದುದು. ದಿನವಿಡೀ ಲೆಕ್ಕದ ಪುಸ್ತಕ ನೋಡಿ ದಣಿದ ಕಣ್ಣಿಗೂ, ಹಬೆಯ ನಡುವೆ ನಿಂತು ಬೆಂದ ಮೈಗೂ ಅದು ತಂಪನ್ನೀಯುತ್ತದೆ. ಇದನ್ನು ನಾವು ಆಕ್ಷೇಪಿಸುವವರಲ್ಲ. ಆದರೆ ಈ ತೊಟ್ಟಿಗಳಲ್ಲಿ ಮೀನುಗಳು ಸಾಯುವ ರೀತಿಯೂ, ಸತ್ತ ಬಳಿಕ ತಪ್ಪನ್ನು ಹೊರಿಸುವ ರೀತಿಯೂ ಈ ಮಾತುಗಳನ್ನು ಬರೆಯಲು ನಮ್ಮನ್ನು ಪ್ರೇರಿಸಿವೆ.

ಸಾಮಾನ್ಯವಾಗಿ ನಡೆಯುವುದು ಹೀಗೆ. ತಿಂಗಳುಗಟ್ಟಲೆ ತೊಟ್ಟಿಯ ಗೊಡವೆಗೆ ಯಾರೂ ಹೋಗುವುದಿಲ್ಲ. ನೀರು ಹಳದಿಗಟ್ಟಿ, ಗಾಜಿಗೆ ಪಾಚಿ ಹಿಡಿದು, ಗಿರಾಕಿಯೊಬ್ಬನು ಮೂಗು ಮುರಿದಾಗ ಯಜಮಾನರಿಗೆ ಎಚ್ಚರವಾಗುತ್ತದೆ. ರಾತ್ರಿ ಬಾಗಿಲು ಮುಚ್ಚಿದ ಮೇಲೆ, ಮೇಜು ಒರೆಸುವ ಕ್ಲೀನರನಿಗೆ ತೊಟ್ಟಿಯನ್ನೂ ತೊಳೆದುಬಿಡಲು ಅಪ್ಪಣೆಯಾಗುತ್ತದೆ. ಅವನು ಮೀನುಗಳನ್ನು ಪಾತ್ರೆಯೊಂದಕ್ಕೆ ಹಾಕಿ, ನೀರನ್ನೆಲ್ಲ ಮೋರಿಗೆ ಚೆಲ್ಲಿ, ಹರಳುಗಳನ್ನು ಸಾಬೂನಿನ ಪುಡಿಯಲ್ಲಿ ತಿಕ್ಕಿ, ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ, ಹೊಸ ನೀರು ತುಂಬಿ ಮೀನುಗಳನ್ನು ಮರಳಿ ಬಿಡುತ್ತಾನೆ. ಗಾಜು ಫಳಫಳನೆ ಹೊಳೆಯುತ್ತದೆ. ಮರುದಿನ ಬೆಳಿಗ್ಗೆಯೋ, ವಾರದೊಳಗೋ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತವೆ. ಬೈಗಳೆಲ್ಲವೂ ಅವನ ಪಾಲಿಗೆ. ಮೀನಿನ ಬೆಲೆಯನ್ನು ಅವನ ಸಂಬಳದಲ್ಲಿ ಮುರಿದುಕೊಳ್ಳುವವರೂ ಇಲ್ಲದಿಲ್ಲ.

ಆತನು ಮಾಡಿದ ತಪ್ಪಾದರೂ ಏನು? ಲೋಟವನ್ನೂ ತಟ್ಟೆಯನ್ನೂ ಹೇಗೆ ತೊಳೆಯಬೇಕೆಂದು ಅವನಿಗೆ ಕಲಿಸಲಾಗಿತ್ತೋ ಹಾಗೆಯೇ ತೊಟ್ಟಿಯನ್ನೂ ತೊಳೆದನು. ತೊಟ್ಟಿಯು ಪಾತ್ರೆಯಲ್ಲ, ಜೀವಿಗಳು ತುಂಬಿದ ಒಂದು ಸಣ್ಣ ಕೆರೆ ಎಂಬುದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವರಿಗೂ ಅದು ತಿಳಿದಿರಲಿಲ್ಲ. ನಮ್ಮ ಅಭಿಪ್ರಾಯವನ್ನು ಮೊದಲೇ ಸ್ಪಷ್ಟಪಡಿಸುವೆವು: ತೊಟ್ಟಿಯ ನೀರನ್ನು ಎಂದಿಗೂ ಪೂರ್ತಿಯಾಗಿ ಬದಲಿಸಬಾರದು, ಸ್ವಲ್ಪ ಸ್ವಲ್ಪವಾಗಿ ಬದಲಿಸುವುದನ್ನು ಎಂದಿಗೂ ತಪ್ಪಿಸಬಾರದು. ಇಷ್ಟನ್ನು ನಡೆಸಲು ಆಗದವರು ಮೀನು ಸಾಕದಿರುವುದೇ ಲೇಸು.

ಇದಕ್ಕೆ ಕಾರಣವನ್ನು ತಿಳಿಯಲು ದೊಡ್ಡ ವಿಜ್ಞಾನವೇನೂ ಬೇಕಾಗಿಲ್ಲ. ಮೀನು ತಿಂದುದರ ಕಶ್ಮಲವು ಬಹುಮಟ್ಟಿಗೆ ಅಮೋನಿಯದ ರೂಪದಲ್ಲಿ ಅದರ ಕಿವಿರುಗಳ ಮೂಲಕವೇ ನೀರಿಗೆ ಸೇರುತ್ತದೆ. ತಿನ್ನದೆ ಬಿಟ್ಟ ಆಹಾರವು ಕೊಳೆತಾಗಲೂ ಅದೇ ಹುಟ್ಟುತ್ತದೆ. ಅಮೋನಿಯವು ಮೀನಿಗೆ ಕಡುವಿಷ. ಆದರೆ ನೆಲೆಗೊಂಡ ತೊಟ್ಟಿಯಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳಿರುತ್ತವೆ. ಇವುಗಳಲ್ಲಿ ಒಂದು ಬಗೆಯವು ಅಮೋನಿಯವನ್ನು ನೈಟ್ರೈಟನ್ನಾಗಿಯೂ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟನ್ನಾಗಿಯೂ ಮಾರ್ಪಡಿಸುತ್ತವೆ. ನೈಟ್ರೈಟು ಕೂಡ ವಿಷವೇ. ನೈಟ್ರೇಟಾದರೋ ಅವೆರಡಕ್ಕಿಂತ ಎಷ್ಟೋ ಸೌಮ್ಯವಾದುದು. ಈ ಉಪಕಾರಿ ಜೀವಿಗಳು ನೀರಿನಲ್ಲಿ ತೇಲಾಡುವುದು ಕಡಿಮೆ. ಹರಳುಗಳ ಮೈಯಲ್ಲಿ, ಗಾಜಿನ ಒಳಮೈಯಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಫಿಲ್ಟರಿನ ಸ್ಪಂಜಿನಲ್ಲಿ ಅವು ಮನೆಮಾಡಿಕೊಂಡಿರುತ್ತವೆ. ಹೊಸ ತೊಟ್ಟಿಯಲ್ಲಿ ಅವು ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಬೇಕು. ಸಾಬೂನಿನಿಂದ ತಿಕ್ಕಿ ತೊಳೆದವನು ಅಷ್ಟು ವಾರಗಳ ಫಲವನ್ನು ಒಂದು ಗಂಟೆಯಲ್ಲಿ ಮೋರಿಗೆ ಕಳುಹಿಸಿದಂತಾಯಿತು. ಹೊಳೆಯುವ ಆ ತೊಟ್ಟಿಯಲ್ಲಿ ಅಮೋನಿಯವು ಮತ್ತೆ ಸೇರತೊಡಗುತ್ತದೆ. ಅದನ್ನು ಕರಗಿಸುವವರು ಯಾರೂ ಅಲ್ಲಿ ಉಳಿದಿಲ್ಲ. ಸಾಬೂನಿನ ಲೇಶವೂ ಕಿವಿರುಗಳಿಗೆ ಘಾತಕವೆಂಬುದು ಬೇರೆಯೇ ಮಾತು.

ಎರಡನೆಯ ಕಾರಣವು ನಲ್ಲಿಯ ನೀರಿನಲ್ಲಿದೆ. ತಾನ್ಸಾ, ಭಾತ್ಸಾ ಮುಂತಾದ ಜಲಾಶಯಗಳಿಂದ ಮುಂಬಯಿಗೆ ಬರುವ ನೀರನ್ನು ಕ್ಲೋರಿನ್ ಬೆರೆಸಿ ಶುದ್ಧಗೊಳಿಸಲಾಗುತ್ತದೆ. ಕಾಲರಾದಂತಹ ರೋಗಗಳಿಂದ ನಮ್ಮನ್ನು ಕಾಯುವ ಆ ಕ್ಲೋರಿನ್ನೇ ಮೀನಿನ ಕಿವಿರನ್ನು ಸುಡುತ್ತದೆ. ಮೇಲೆ ಹೇಳಿದ ಸೂಕ್ಷ್ಮಜೀವಿಗಳನ್ನೂ ಕೊಲ್ಲುತ್ತದೆ. ಪರಿಹಾರವು ಸುಲಭ. ಅಗಲ ಬಾಯಿಯ ಬಾಲ್ದಿಯಲ್ಲಿ ನೀರನ್ನು ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಬಹುಮಟ್ಟಿಗೆ ಹಾರಿಹೋಗುತ್ತದೆ. ಕ್ಲೋರಮಿನ್ ಎಂಬ ಇನ್ನೊಂದು ವಸ್ತುವನ್ನು ಬೆರೆಸುವ ಊರುಗಳಲ್ಲಿ ಮಾತ್ರ ತೆರೆದಿಟ್ಟುದರಿಂದ ಪ್ರಯೋಜನವಿಲ್ಲ. ಅಂಥಲ್ಲಿ ಮೀನಿನ ಅಂಗಡಿಗಳಲ್ಲಿ ದೊರೆಯುವ ಕ್ಲೋರಿನ್ ನಿವಾರಕದ ಹನಿಗಳನ್ನು ಬಳಸಬೇಕು. ಈ ಔಷಧಗಳಲ್ಲಿ ಹಲವು, ಛಾಯಾಚಿತ್ರಗಾರರು ಫಿಲ್ಮು ತೊಳೆಯಲು ಬಳಸುತ್ತಿದ್ದ ಹೈಪೋ ಎಂಬ ಲವಣದಿಂದಲೇ ಆದವು, ಬೆಲೆಯೂ ಹೆಚ್ಚಿಲ್ಲ.

ಹಾಗಾದರೆ ನೀರನ್ನು ಮುಟ್ಟದೆಯೇ ಇರಬಾರದೇಕೆ ಎಂದು ಕೆಲವರು ಕೇಳಬಹುದು. ಸೂಕ್ಷ್ಮಜೀವಿಗಳು ಮಾಡಿಟ್ಟ ನೈಟ್ರೇಟು ಎಲ್ಲಿಗೂ ಹೋಗುವುದಿಲ್ಲವೆಂಬುದೇ ಇದಕ್ಕೆ ಉತ್ತರ. ನಮ್ಮ ಗುಮಾಸ್ತ ಬಂಧುಗಳಿಗೆ ಲೆಕ್ಕದ ಭಾಷೆಯೇ ಹೆಚ್ಚು ಒಪ್ಪುವುದರಿಂದ ಹಾಗೆಯೇ ಹೇಳುವೆವು. ವಾರಕ್ಕೆ 10 ಪಾಲು ನೈಟ್ರೇಟು ಜಮೆಯಾಗುತ್ತದೆಂದು ಭಾವಿಸೋಣ. ಖರ್ಚಿನ ಬದಿಯಲ್ಲಿ ಏನೂ ಇಲ್ಲದಿದ್ದರೆ 12 ವಾರಕ್ಕೆ 120, ವರ್ಷಕ್ಕೆ 520 ಪಾಲಾಯಿತು. ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಿಸುತ್ತ ಬಂದರೆ ಅದು 40ನ್ನು ಎಂದೂ ದಾಟಲಾರದು. 40 ಆದಾಗ ಕಾಲುಭಾಗದೊಡನೆ 10 ಹೊರಗೆ ಹೋಗಿ 30 ಉಳಿಯುತ್ತದೆ. ಮುಂದಿನ ವಾರ ಮತ್ತೆ 40. ಜಮೆಯೂ ಖರ್ಚೂ ಸರಿದೂಗಿದವು. ಮೀನಿಗೆ ಬೇಕಾದುದು ಈ ಸಮತೋಲವೇ ಹೊರತು ಒಂದು ದಿನದ ಥಳಕಲ್ಲ.

ಆವಿಯಾಗಿ ಹೋದಷ್ಟು ನೀರನ್ನು ಮೇಲಿನಿಂದ ತುಂಬಿದರೆ ಸಾಲದೇ ಎಂಬುದು ಇನ್ನೊಂದು ಪ್ರಶ್ನೆ. ಸಾಲದು. ಸಾರು ಕುದಿದು ಬತ್ತಿದಾಗ ನೀರು ಮಾತ್ರ ಹೋಗಿ ಉಪ್ಪು ಉಳಿಯುವುದನ್ನು ಅಡಿಗೆಯವರು ಬಲ್ಲರು. ತೊಟ್ಟಿಯಲ್ಲಿಯೂ ಅಷ್ಟೆ. ಆವಿಯಾಗುವುದು ನೀರು, ಲವಣಗಳೂ ನೈಟ್ರೇಟೂ ಹಿಂದೆಯೇ ಉಳಿಯುತ್ತವೆ.

ನೀರುಗಿಡಗಳಿದ್ದರೆ ಬದಲಾವಣೆ ಬೇಡವೆನ್ನುವ ಪಕ್ಷವೂ ಒಂದುಂಟು. ಇದಕ್ಕೆ ದೀರ್ಘ ಇತಿಹಾಸವಿದೆ. 1850ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಎಂಬವರು ಗಾಜಿನ ಪಾತ್ರೆಯಲ್ಲಿ ಮೀನು, ವ್ಯಾಲಿಸ್ನೇರಿಯ ಎಂಬ ನೀರುಗಿಡ, ಕೊಳದ ಬಸವನಹುಳು, ಇವು ಮೂರನ್ನೂ ಒಟ್ಟಿಗೆ ಇಟ್ಟು, ಒಂದರ ಕಶ್ಮಲವು ಇನ್ನೊಂದರ ಆಹಾರವಾಗುವ ಬಗೆಯನ್ನು ಪ್ರಕಟಿಸಿದರು. ಗಿಡಗಳು ಅಮೋನಿಯವನ್ನೂ ನೈಟ್ರೇಟನ್ನೂ ಹೀರುತ್ತವೆಂಬುದು ನಿಜ. ಆದರೆ ಆ ಸಮತೋಲವು ಗಿಡ ಬಹಳವಾಗಿ ಮೀನು ತೀರ ವಿರಳವಾಗಿರುವಲ್ಲಿ ಮಾತ್ರ ನಿಲ್ಲಬಲ್ಲುದು. ನಮ್ಮ ಗಲ್ಲೆಯ ಬಳಿಯ ತೊಟ್ಟಿಗಳಲ್ಲಿ ಪ್ಲಾಸ್ಟಿಕ್ಕಿನ ಗಿಡವೂ, ಇಟ್ಟಣಿಸಿದ ಮೀನೂ ಇರುವಾಗ ವಾರಿಂಗ್ಟನ್ನರ ಹೆಸರು ಹೇಳಿ ಪ್ರಯೋಜನವಿಲ್ಲ.

ಇಟ್ಟಣಿಯ ಮಾತು ಬಂದುದರಿಂದ ಇನ್ನೊಂದನ್ನು ಹೇಳದೆ ನಿರ್ವಾಹವಿಲ್ಲ. ಎಂಟು ಹೊಂಬಣ್ಣದ ಮೀನು, ಒಂದು ಕರಿಯ ಮೀನು ಇಟ್ಟರೆ ವ್ಯಾಪಾರವು ಕುದುರುವುದೆಂದು ನಂಬಿ ಒಂಬತ್ತು ಗೋಲ್ಡ್‌ಫಿಶ್‌ಗಳನ್ನು ಎರಡಡಿಯ ತೊಟ್ಟಿಗೆ ತುಂಬುವವರಿದ್ದಾರೆ. ಮೀನು ಸತ್ತರೆ ಮನೆಗೆ ಬಂದ ಕಂಟಕವನ್ನು ಅದು ತನ್ನ ಮೇಲೆ ತೆಗೆದುಕೊಂಡಿತೆಂದು ಸಮಾಧಾನ ಹೇಳುವವರೂ ಇದ್ದಾರೆ. ಯಾರ ನಂಬಿಕೆಯನ್ನೂ ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಗೋಲ್ಡ್‌ಫಿಶ್ ಬಹಳ ಕಶ್ಮಲ ಮಾಡುವ ಮೀನು. ಚೆನ್ನಾಗಿ ನೋಡಿಕೊಂಡರೆ ಗೇಣುದ್ದ ಬೆಳೆದು ಹತ್ತು ವರ್ಷಕ್ಕೂ ಮೇಲ್ಪಟ್ಟು ಬದುಕಬಲ್ಲುದು. ಅಂಥದು ಮೂರು ತಿಂಗಳಲ್ಲಿ ಸತ್ತರೆ ಅದು ಹೊತ್ತುಕೊಂಡು ಹೋದುದು ನಮ್ಮ ಕಂಟಕವನ್ನಲ್ಲ; ನಮ್ಮ ಉದಾಸೀನವನ್ನು. ಸಮಾಧಾನದ ಆ ಮಾತು ಕಾರಣವನ್ನು ವಿಚಾರಿಸುವ ಬಾಗಿಲನ್ನೇ ಮುಚ್ಚಿಬಿಡುತ್ತದೆಂಬುದು ನಮ್ಮ ದೂರು.

ಇನ್ನು ಮಾಡಬೇಕಾದ ಕ್ರಮವನ್ನು ಹೇಳುವೆವು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ, ಹರಳು ಮತ್ತು ಮೇಲಿನ ತೆರವನ್ನು ಕಳೆದರೆ, ಸುಮಾರು 48 ಲೀಟರು ನೀರು ಹಿಡಿಯುತ್ತದೆ. ಇದರ ಕಾಲುಭಾಗವೆಂದರೆ 12 ಲೀಟರು, ಅಂದರೆ ಒಂದು ಬಾಲ್ದಿ. ನಲ್ಲಿಯಲ್ಲಿ ಕೆಲವೇ ಗಂಟೆ ನೀರು ಬರುವ ಚಾಳಿನಲ್ಲಿಯೂ ವಾರಕ್ಕೊಂದು ಬಾಲ್ದಿಯು ಭಾರವಾಗಲಾರದು. ಹಿಂದಿನ ದಿನವೇ ಅದನ್ನು ತುಂಬಿ ತೆರೆದಿಡಬೇಕು. ಅದು ಸಾಬೂನು ಮುಟ್ಟದ, ಈ ಕೆಲಸಕ್ಕೆಂದೇ ಮೀಸಲಾದ ಬಾಲ್ದಿಯಾಗಿರಬೇಕು. ಮರುದಿನ ಪಂಪು, ಹೀಟರುಗಳ ವಿದ್ಯುತ್ತನ್ನು ಆರಿಸಿ, ರಬ್ಬರು ನಳಿಗೆಯಿಂದ ಹರಳುಗಳ ನಡುವಿನ ಕಸವನ್ನು ಎಳೆಯುತ್ತ ಒಂದು ಬಾಲ್ದಿ ನೀರನ್ನು ತೆಗೆಯಬೇಕು. ನಳಿಗೆಯನ್ನು ಬಾಯಿಂದ ಹೀರುವುದು ಬೇಡ. ಅದರಲ್ಲಿ ಮೊದಲೇ ನೀರು ತುಂಬಿಸಿ ಇಳಿಬಿಟ್ಟರೆ ಸಾಕು. ಸ್ಪಂಜು ಕಟ್ಟಿದ್ದರೆ ತೆಗೆದ ಈ ಹಳೆಯ ನೀರಿನಲ್ಲಿಯೇ ಅದನ್ನು ಮೆಲ್ಲನೆ ಅದ್ದಿ ಹಿಂಡಬೇಕು, ನಲ್ಲಿಯ ಕೆಳಗಲ್ಲ. ಬಳಿಕ ಹೊಸ ನೀರನ್ನು ನಿಧಾನವಾಗಿ ಸುರಿಯಬೇಕು. ಮೀನುಗಳನ್ನು ಹೊರತೆಗೆಯುವ ಅವಶ್ಯಕತೆಯೇ ಇಲ್ಲ. ಎಲ್ಲ ಸೇರಿ ಅರ್ಧ ಗಂಟೆಯ ಕೆಲಸ. ತೆಗೆದ ನೀರನ್ನು ತುಳಸಿಯ ಕುಂಡಕ್ಕೆ ಹಾಕಿರಿ. ಮೀನಿಗೆ ಬೇಡವಾದ ನೈಟ್ರೇಟು ಗಿಡಕ್ಕೆ ಗೊಬ್ಬರ.

ಊರಿನಿಂದ ಊರಿಗೆ ಎಚ್ಚರವು ಸ್ವಲ್ಪ ಬೇರೆಯಾಗುತ್ತದೆ. ಚಳಿಗಾಲದ ದೆಹಲಿಯಲ್ಲಿ ನಲ್ಲಿಯ ನೀರು ಕೊರೆಯುತ್ತಿರುವುದರಿಂದ ಸ್ವಲ್ಪ ಬಿಸಿನೀರು ಬೆರೆಸಿ, ಕೈಯಿಂದ ಮುಟ್ಟಿ ನೋಡಿ, ತೊಟ್ಟಿಯ ಹದಕ್ಕೆ ತಂದು ಸುರಿಯಬೇಕು. ಚೆನ್ನೈ, ಹೈದರಾಬಾದುಗಳಲ್ಲಿ ನಲ್ಲಿಯ ನೀರು ನಿಂತಾಗ ಟ್ಯಾಂಕರಿನ ಅಥವಾ ಕೊಳವೆಬಾವಿಯ ಗಡಸು ನೀರು ಬರುವುದುಂಟು. ನೀರಿನ ಮೂಲವು ಬದಲಾದ ವಾರ ಕಾಲುಭಾಗಕ್ಕಿಂತಲೂ ಕಡಿಮೆ ಬದಲಿಸುವುದು ಕ್ಷೇಮ.

ತಿಂಗಳುಗಟ್ಟಲೆ ಕೆಟ್ಟುಬಿದ್ದ ತೊಟ್ಟಿಯನ್ನು ಸರಿಪಡಿಸುವವರಂತೂ ಅವಸರಪಡಲೇಬಾರದು. ಹಳೆಯ ನೀರು ಕ್ರಮೇಣ ಆಮ್ಲಗುಣವನ್ನು ತಾಳುತ್ತದೆ. ಆಮ್ಲದ ನೀರಿನಲ್ಲಿ ಅಮೋನಿಯದ ಬಹುಪಾಲು ಕಡಿಮೆ ವಿಷದ ರೂಪದಲ್ಲಿ ಅಡಗಿರುತ್ತದೆ. ಒಮ್ಮೆಗೇ ಬಹಳ ಹೊಸ ನೀರು ಸುರಿದರೆ ಆಮ್ಲಗುಣವು ಇಳಿದು, ಅಡಗಿದ್ದ ವಿಷವು ಎದ್ದು ನಿಲ್ಲುತ್ತದೆ. ಕೊಳಕು ನೀರಿನಲ್ಲಿ ಬದುಕಿದ್ದ ಮೀನು ಶುದ್ಧ ನೀರಿನಲ್ಲಿ ಸತ್ತುದೇಕೆಂಬ ಒಗಟಿಗೆ ಉತ್ತರವು ಇಲ್ಲಿದೆ. ಅಂಥ ತೊಟ್ಟಿಯಲ್ಲಿ ಎರಡು ದಿನಕ್ಕೊಮ್ಮೆ ಹತ್ತರಲ್ಲೊಂದು ಭಾಗದಂತೆ ಬದಲಿಸುತ್ತ ಬರುವುದೇ ಸರಿಯಾದ ಮಾರ್ಗ.

ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ, ಶಿಶಿಲದಲ್ಲಿ ಕಪಿಲೆಯ ದಡದಲ್ಲಿ ನಿಂತು ಮೀನುಗಳಿಗೆ ಅಕ್ಕಿ, ಪುರಿ ಚೆಲ್ಲಿದವರು ನಮ್ಮ ವಾಚಕರಲ್ಲಿ ಅನೇಕರಿದ್ದಾರೆ. ಅಲ್ಲಿ ಆ ಮೀನುಗಳನ್ನು ಹಿಡಿಯುವವರಿಲ್ಲ. ಅವುಗಳ ಕಶ್ಮಲವನ್ನು ಒಯ್ದು ಹೊಸ ನೀರನ್ನು ತರಲು ಹೊಳೆಯೇ ಇದೆ. ಗಾಜಿನ ತೊಟ್ಟಿಗೆ ಹೊಳೆಯಿಲ್ಲ. ಅದನ್ನು ಇಟ್ಟವನು ಹೊಳೆಯ ಕೆಲಸವನ್ನು ತಾನು ವಹಿಸಿಕೊಂಡಿದ್ದಾನೆ. ಆ ಕೆಲಸವನ್ನು ಇನ್ನೊಬ್ಬನಿಗೆ ಒಪ್ಪಿಸಿದರೂ ಹೊಣೆಯು ತನ್ನಲ್ಲಿಯೇ ಉಳಿಯುತ್ತದೆಂಬುದನ್ನು ಅವನು ಮರೆಯಲಾಗದು.

ಆದುದರಿಂದ ಹೊಟೇಲಿನ ಯಜಮಾನರಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ತೊಟ್ಟಿಯ ಕೆಲಸಕ್ಕೆ ಒಬ್ಬನನ್ನು ಗೊತ್ತುಮಾಡಿರಿ. ಅವನಿಗೆ ಕ್ರಮವನ್ನು ಕಲಿಸಿರಿ. ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಚಹಾ ಆರಂಭವಾಗುವ ಮೊದಲು, ವಾರಕ್ಕೊಮ್ಮೆ ಅರ್ಧ ಗಂಟೆಯನ್ನು ಕೆಲಸದ ವೇಳೆಯೊಳಗೇ ಅವನಿಗೆ ಕೊಡಿರಿ. ಕಲಿಸದ ಕೆಲಸದಲ್ಲಿ ಆದ ನಷ್ಟವನ್ನು ಅವನ ಸಂಬಳದಲ್ಲಿ ಮುರಿಯುವುದು ನ್ಯಾಯವಲ್ಲ. ಕೆಲಸಗಾರ ಬಂಧುಗಳಲ್ಲಿಯೂ ಒಂದು ಮಾತು: ನೀರನ್ನೆಲ್ಲ ಚೆಲ್ಲಿ ತೊಳೆಯೆಂದು ಅಪ್ಪಣೆಯಾದಾಗ, ಹಾಗೆ ಮಾಡಿದರೆ ಮೀನು ಉಳಿಯದೆಂದು ವಿನಯದಿಂದಲೇ ತಿಳಿಸಿರಿ. ಅವರು ನಂಬದಿದ್ದರೆ ಈ ಪತ್ರಿಕೆಯನ್ನು ಗಲ್ಲೆಯ ಮೇಲೆ ಇಡಿರಿ.