ಭಾರವಾದ ಲೆನ್ಸು ಮತ್ತು ತಾಯಿಯ ಬಳೆ

ದಾವಣಗೆರೆ ಜಿಲ್ಲೆಯ ಊರೊಂದರಿಂದ ತಾಯಿಯೊಬ್ಬರು ಈ ಅಂಕಣಕ್ಕೆ ದೀರ್ಘವಾದ ಪತ್ರವನ್ನು ಬರೆದಿದ್ದಾರೆ. ಅವರ ಹಿರಿಯ ಮಗ ನಾಲ್ಕು ವರ್ಷಗಳಿಂದ ಮದುವೆ, ಗೃಹಪ್ರವೇಶ, ನಾಮಕರಣಗಳ ಛಾಯಾಚಿತ್ರ ತೆಗೆಯುವ ವೃತ್ತಿಯಲ್ಲಿದ್ದಾರೆ. ಕೆಲಸ ಅಚ್ಚುಕಟ್ಟು, ದುಂದುಗಾರಿಕೆಯಿಲ್ಲ, ಸಂಪಾದನೆ ಸಂಸಾರಕ್ಕೆ ಸಾಲುವಷ್ಟಿದೆ. ಈಗ ಅವರಿಗೆ ದೊಡ್ಡದೊಂದು ಜೂಮ್ ಲೆನ್ಸ್ ಬೇಕೆನಿಸಿದೆ. ಅದರ ಬೆಲೆಗಾಗಿ ತಾಯಿಯ ನಾಲ್ಕು ಬಂಗಾರದ ಬಳೆಗಳನ್ನು ಅಡವಿಡುವ ಮಾತು ಮನೆಯಲ್ಲಿ ನಡೆದಿದೆ. ಬಳೆ ಕೊಡಲು ಆ ತಾಯಿಯವರಿಗೆ ಹಿಂಜರಿಕೆಯಿಲ್ಲ. ಆದರೆ ಇದು ವೃತ್ತಿಯ ಅಗತ್ಯವೋ, ವಯಸ್ಸಿನ ಹಂಬಲವೋ ಎಂಬುದು ತಮಗೆ ತಿಳಿಯದೆಂದೂ, ಮಗನನ್ನು ಕೇಳಿದರೆ ಕ್ಯಾಮೆರಾದ ಭಾಷೆಯಲ್ಲಿಯೇ ಉತ್ತರ ಬರುತ್ತದೆಂದೂ ಬರೆದಿದ್ದಾರೆ.

ಇಂತಹ ಮಕ್ಕಳು ಇಂದು ಅನೇಕ ಮನೆಗಳಲ್ಲಿ ಇದ್ದಾರೆ. ಆದಕಾರಣ ಈ ಸಲದ ಅಂಕಣವನ್ನು ಇದೊಂದೇ ವಿಷಯಕ್ಕೆ ಮೀಸಲಿಟ್ಟಿದ್ದೇವೆ.

ಚಿರಂಜೀವಿಯವರು ಬಯಸಿರುವುದು ವೃತ್ತಿಯವರು 'ಎಪ್ಪತ್ತು-ಇನ್ನೂರು, ಎರಡು ಪಾಯಿಂಟ್ ಎಂಟು' ಎಂದು ಕರೆಯುವ ಲೆನ್ಸು. 70 ಮತ್ತು 200 ಎಂಬುವು ಮಿಲಿಮೀಟರಿನಲ್ಲಿ ಹೇಳುವ ಸಂಗಮದೂರಗಳು. ನಿಂತ ಜಾಗದಿಂದ ಕದಲದೆ ನೋಟವನ್ನು ಅಗಲಿಸಿ ಕಿರಿದುಗೊಳಿಸಬಹುದೆಂದು ಇದರ ಅರ್ಥ. ಹತ್ತು ಮೀಟರ್ ದೂರದಲ್ಲಿ ನಿಂತು, ಪೂರ್ಣ ಅಳತೆಯ ಸೆನ್ಸರ್ ಇರುವ ಕ್ಯಾಮೆರಾವನ್ನು ಅಡ್ಡಲಾಗಿ ಹಿಡಿದರೆ, 70ರಲ್ಲಿ ಸುಮಾರು ಐದು ಮೀಟರ್ ಅಗಲದ ವೇದಿಕೆ ಚಿತ್ರದೊಳಗೆ ಬರುತ್ತದೆ, 200ರಲ್ಲಿ 1.8 ಮೀಟರ್ ಮಾತ್ರ. ಅದೇ ಕ್ಯಾಮೆರಾವನ್ನು ನಿಲುವಾಗಿ ತಿರುಗಿಸಿದರೆ ನಿಂತಿರುವ ಒಬ್ಬ ವ್ಯಕ್ತಿ ಅಡಿಯಿಂದ ಮುಡಿಯವರೆಗೆ ತುಂಬಿಕೊಳ್ಳುತ್ತಾರೆ.

ಇನ್ನು 2.8 ಎಂಬ ಅಂಕೆ. ಬೆಲೆಯೂ ಭಾರವೂ ಹುಟ್ಟುವುದು ಇಲ್ಲಿಯೇ. ಸಂಗಮದೂರವನ್ನು ಈ ಅಂಕೆಯಿಂದ ಭಾಗಿಸಿದರೆ ಬೆಳಕು ಒಳಬರುವ ಕಿಂಡಿಯ ವ್ಯಾಸ ದೊರೆಯುತ್ತದೆ. 200ನ್ನು 2.8ರಿಂದ ಭಾಗಿಸಿದರೆ 71 ಮಿಲಿಮೀಟರ್; 4ರಿಂದ ಭಾಗಿಸಿದರೆ 50. ಕಿಂಡಿ ಅಗಲವಾದಂತೆ ಮುಂದಿನ ಗಾಜುಗಳೂ ಅಗಲವಾಗಬೇಕು, ದಪ್ಪವಾಗಬೇಕು, ಅವುಗಳನ್ನು ಹಿಡಿದಿಡುವ ಲೋಹದ ಕೊಳವೆಯೂ ಗಟ್ಟಿಯಾಗಬೇಕು. ಕ್ಯಾನನ್ ಸಂಸ್ಥೆ 2018ರಲ್ಲಿ ಇದೇ 70-200ರ ಎರಡು ಲೆನ್ಸುಗಳನ್ನು ಹೊರತಂದಿತು. ಎಫ್ 2.8ರದು 1,480 ಗ್ರಾಂ ತೂಗಿದರೆ ಎಫ್ 4ರದು 780 ಗ್ರಾಂ. ಬೆಳಕಿನ ಒಂದು ಮೆಟ್ಟಿಲಿಗಾಗಿ ತೂಕ ಹತ್ತಿರಹತ್ತಿರ ಇಮ್ಮಡಿ!

ಆ ಒಂದು ಮೆಟ್ಟಿಲೆಂದರೆ ಇಮ್ಮಡಿ ಬೆಳಕು. ಚಿರಂಜೀವಿಯವರ ಬಳಿ ಈಗಿರುವ 70-300ರ ಅಗ್ಗದ ಲೆನ್ಸು ದೂರದ ತುದಿಯಲ್ಲಿ ಎಫ್ 5.6ಕ್ಕೆ ಇಳಿಯುತ್ತದೆ. ಅದಕ್ಕೂ 2.8ಕ್ಕೂ ಎರಡು ಮೆಟ್ಟಿಲುಗಳ ಅಂತರ, ಎಂದರೆ ನಾಲ್ಕು ಪಟ್ಟು ಬೆಳಕು. ಸಂಜೆಯ ಹೊತ್ತಿನ ಕಲ್ಯಾಣಮಂಟಪದಲ್ಲಿ ಐಎಸ್ಒ 6400 ಇಟ್ಟರೂ 5.6ರಲ್ಲಿ ಸೆಕೆಂಡಿನ 60ನೆಯ ಒಂದು ಭಾಗದ ಷಟರ್ ವೇಗ ಮಾತ್ರ ಸಿಗುತ್ತದೆಂದು ಇಟ್ಟುಕೊಳ್ಳೋಣ. 2.8ರಲ್ಲಿ ಅದು ಸುಮಾರು 250ನೆಯ ಒಂದು ಭಾಗವಾಗುತ್ತದೆ. ಮೊದಲನೆಯದರಲ್ಲಿ ಅಕ್ಷತೆ ಎಸೆಯುವ ಕೈಗಳು ಮಸುಕಾದ ಗೆರೆಗಳಾಗುತ್ತವೆ. ಎರಡನೆಯದರಲ್ಲಿ ಕೈಗಳು ಕೈಗಳಾಗಿಯೇ ಉಳಿಯುತ್ತವೆ. ಲೆನ್ಸಿನೊಳಗೆ ಕೈನಡುಕವನ್ನು ತಡೆಯುವ ವ್ಯವಸ್ಥೆ ಇದೆಯಲ್ಲ ಎಂದು ಕೇಳುವವರುಂಟು. ಅದು ಛಾಯಾಗ್ರಾಹಕನ ಕೈಯ ನಡುಕವನ್ನು ತಡೆದೀತು, ಎದುರಿನವರ ಚಲನೆಯನ್ನಲ್ಲ.

ಫಿಲ್ಮಿನ ಕಾಲದಲ್ಲಿ ಈ ಮಾತಿಗೆ ಎದುರಾಡುವಂತಿರಲಿಲ್ಲ. ಸಾಮಾನ್ಯವಾಗಿ 100ರ, 200ರ, ಹೆಚ್ಚೆಂದರೆ 400ರ ಫಿಲ್ಮು. ಒಮ್ಮೆ ಹಾಕಿದರೆ ಸುರುಳಿ ಮುಗಿಯುವ ತನಕ ಅದೇ. ಮಂದ ಬೆಳಕಿನಲ್ಲಿ ದೂರದಿಂದ ಚಿತ್ರ ತೆಗೆಯಬೇಕಾದರೆ ಅಗಲ ಕಿಂಡಿಯ ಲೆನ್ಸಿಲ್ಲದೆ ಗತ್ಯಂತರವಿರಲಿಲ್ಲ. ಇಂದಿನ ಕ್ಯಾಮೆರಾಗಳಲ್ಲಿ 3200, 6400ರ ಚಿತ್ರಗಳೂ ಕರಿಜ್ಮಾ ಆಲ್ಬಮ್ಮಿನಲ್ಲಿ ಚೆನ್ನಾಗಿಯೇ ಬರುತ್ತವೆ. ಕಾಳುಕಾಳಾದುದನ್ನು ಕಂಪ್ಯೂಟರಿನಲ್ಲಿ ನಯಗೊಳಿಸುವ ತಂತ್ರವೂ ಬಹಳ ಮುಂದುವರಿದಿದೆ. ಆದುದರಿಂದ ಹಿರಿಯ ಛಾಯಾಗ್ರಾಹಕರು ತಮ್ಮ ಕಾಲದ ಅನುಭವದಿಂದ ಕೊಡುವ ಸಲಹೆಯನ್ನು ಗೌರವದಿಂದ ಕೇಳಬೇಕು. ಆದರೆ ಅಂದಿನ ಲೆಕ್ಕವನ್ನೇ ಇಂದಿಗೂ ಹಾಕಬಾರದು.

ಹಾಗಾದರೆ ಇಂದು ಈ ಲೆನ್ಸು ಯಾರಿಗೆ ಬೇಕು? ಮೂರು ಸಂಗತಿಗಳು ಒಟ್ಟಿಗೆ ಕೂಡಿದಾಗ ಇದಕ್ಕೆ ಬದಲಿಲ್ಲವೆಂದು ನಾವು ತಿಳಿದಿದ್ದೇವೆ: ಹತ್ತಿರ ಹೋಗಲಾಗದ ದೂರ, ಹೆಚ್ಚಿಸಲಾಗದ ಬೆಳಕು, ನಿಲ್ಲಿಸಲಾಗದ ಚಲನೆ. ಭರತನಾಟ್ಯದ ರಂಗಪ್ರವೇಶ ಇದಕ್ಕೆ ಉತ್ತಮ ನಿದರ್ಶನ. ನೃತ್ಯ ನಡೆಯುವಾಗ ರಂಗದ ಮೇಲೇರುವಂತಿಲ್ಲ, ಫ್ಲಾಷ್ ಹೊಡೆಯುವಂತಿಲ್ಲ, ಕುಣಿಯುವ ಹುಡುಗಿಗೆ ತುಸು ನಿಲ್ಲಮ್ಮ ಎನ್ನುವಂತಿಲ್ಲ. ಶಾಲೆಯ ವಾರ್ಷಿಕೋತ್ಸವ, ನಾಟಕ, ಒಳಾಂಗಣದ ಕ್ರೀಡೆ, ಸಂಜೆಯ ಪ್ರವಚನ ಇವೆಲ್ಲ ಇದೇ ಜಾತಿಗೆ ಸೇರಿದವು. ಮೂರರಲ್ಲಿ ಒಂದು ಕಳಚಿದರೂ ಅಗ್ಗದ ದಾರಿಯೊಂದು ತೆರೆದುಕೊಳ್ಳುತ್ತದೆ. ಹತ್ತಿರ ಹೋಗಬಹುದಾದರೆ ಚಿಕ್ಕ ಲೆನ್ಸು ಸಾಕು. ಬೆಳಕನ್ನು ಸೇರಿಸಬಹುದಾದರೆ ಫ್ಲಾಷನ್ನು ಬಿಳಿಯ ಛಾವಣಿಗೆ ತಿರುಗಿಸಿದರೆ ಆಯಿತು. ಎದುರಿನವರು ನಿಶ್ಚಲವಾಗಿದ್ದರೆ ಕೈನಡುಕ ತಡೆಯುವ ವ್ಯವಸ್ಥೆಯೋ ಮುಕ್ಕಾಲಿಯೋ ಕೆಲಸ ಮಾಡುತ್ತದೆ.

ಮದುವೆಯಲ್ಲಿ ಈ ಮೂರೂ ಕೂಡುವುದು ಅಪರೂಪ. ನಮ್ಮ ಕಡೆಯ ಛಾಯಾಗ್ರಾಹಕರು ವಧೂವರರ ಎದುರಿಗೇ ನಿಂತಿರುತ್ತಾರೆ. ವೀಡಿಯೋದವರ ಪ್ರಖರ ದೀಪವೂ ಪಕ್ಕದಲ್ಲೇ ಉರಿಯುತ್ತಿರುತ್ತದೆ. ಅಲ್ಲಿ ದೂರವೂ ಇಲ್ಲ, ಕತ್ತಲೆಯೂ ಇಲ್ಲ. ಆದರೆ ಇಲ್ಲೊಂದು ಮಾತನ್ನು ಲೆನ್ಸಿನ ಪರವಾಗಿ ಹೇಳಲೇಬೇಕು. ಮಾಂಗಲ್ಯಧಾರಣೆಯ ಗಳಿಗೆಯಲ್ಲಿ ದೂರದೂರಿನಿಂದ ಬಂದ ಬಂಧುಗಳಿಗೆ ಕಾಣುವುದು ಏನು? ಛಾಯಾಗ್ರಾಹಕರ ಬೆನ್ನುಗಳ ಸಾಲು! ಮೊಮ್ಮಗಳ ಮದುವೆ ನೋಡಲು ಬಂದ ಅಜ್ಜಿ ಕೊನೆಗೆ ಅದನ್ನು ವೀಡಿಯೋದಲ್ಲಿ ನೋಡಬೇಕಾದ ಸ್ಥಿತಿ ಬಂದಿದೆ. ವೇದಿಕೆಯಿಂದ ಕೆಳಗಿಳಿದು, ಪಕ್ಕದ ಕಂಬದ ಮರೆಯಿಂದ, ಯಾರಿಗೂ ಅಡ್ಡವಾಗದೆ ಚಿತ್ರ ತೆಗೆಯಬಲ್ಲ ಛಾಯಾಗ್ರಾಹಕನನ್ನು ಎರಡೂ ಬೀಗರು ಮೆಚ್ಚುತ್ತಾರೆ. ಮಗಳನ್ನು ಕಳುಹಿಸಿಕೊಡುವಾಗ ತಂದೆಯ ಮುಖದಲ್ಲಿ ಸುಳಿಯುವ ಭಾವವೂ ಮೂಗಿನ ಬಳಿ ಕ್ಯಾಮೆರಾ ಹಿಡಿದವನಿಗೆ ಸಿಗುವುದಿಲ್ಲ. ಆ ಕೆಲಸಕ್ಕೆ 70-200 ಹೇಳಿ ಮಾಡಿಸಿದಂತಿದೆ. ಚಿರಂಜೀವಿಯವರ ಮನಸ್ಸಿನಲ್ಲಿರುವುದು ಇಂತಹ ಚಿತ್ರಗಳಾದರೆ ಅವರ ಬಯಕೆಯನ್ನು ಹಂಬಲವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಆದರೂ ಎಫ್ 2.8ನ್ನು ಸದಾ ಬಳಸಲಾಗದೆಂಬುದು ಅವರಿಗೆ ತಿಳಿದಿರಬೇಕು. ಐದು ಮೀಟರ್ ದೂರದಲ್ಲಿ, 200ರಲ್ಲಿ, ಕಿಂಡಿಯನ್ನು ಪೂರ್ಣ ತೆರೆದರೆ ಸ್ಫುಟವಾಗಿ ಮೂಡುವ ಆಳ ಸುಮಾರು 10 ಸೆಂಟಿಮೀಟರ್, ಅಂಗೈಯ ಅಗಲದಷ್ಟು. ವರನ ಕಣ್ಣು ಸ್ಪಷ್ಟವಾದರೆ, ಅರ್ಧ ಹೆಜ್ಜೆ ಹಿಂದಿರುವ ವಧುವಿನ ಮುಖ ಮಸುಕು. ಇಬ್ಬರೂ ಸ್ಫುಟವಾಗಿ ಬರಬೇಕಾದರೆ ಕಿಂಡಿಯನ್ನು 4ಕ್ಕೋ 5.6ಕ್ಕೋ ಕಿರಿದುಗೊಳಿಸಲೇಬೇಕು. ಆಗ ದುಬಾರಿ ಲೆನ್ಸೂ ಅಗ್ಗದ ಲೆನ್ಸಿನಷ್ಟೇ ಬೆಳಕನ್ನು ಒಳಬಿಡುತ್ತದೆ. ಬೀಗರು, ನೆಂಟರು ಸಾಲಾಗಿ ನಿಲ್ಲುವ ಗುಂಪುಚಿತ್ರಗಳಿಗಂತೂ ಇದರಿಂದ ಎಳ್ಳಷ್ಟೂ ಲಾಭವಿಲ್ಲ.

ಇದೇ ಲೆನ್ಸಿನಿಂದ ರಂಗನತಿಟ್ಟಿನ ಹಕ್ಕಿಗಳನ್ನೂ ತೆಗೆಯಬಹುದೆಂದು ಕೆಲವರು ಆಸೆಪಡುತ್ತಾರೆ. ಹಕ್ಕಿಗೆ 200 ಸಾಲದು. ನಡುವೆ ಎರಡು ಪಟ್ಟಿನ ಟೆಲಿಕನ್ವರ್ಟರ್ ಸೇರಿಸಿದರೆ 400 ಆಗುತ್ತದೆ ನಿಜ. ಆದರೆ ಎರಡು ಮೆಟ್ಟಿಲು ಬೆಳಕು ಹೋಗಿ ಎಫ್ 5.6 ಆಗಿಬಿಡುತ್ತದೆ.

ಭಾರದ ವಿಷಯವನ್ನು ಅಂಗಡಿಯಲ್ಲಿ ಅರಿಯಲಾಗದು. ಅಲ್ಲಿ ಎತ್ತಿ ನೋಡುವುದು ಎರಡು ನಿಮಿಷ. ಒಂದೂವರೆ ಲೀಟರ್ ನೀರು ತುಂಬಿದ ಬಾಟಲಿ ಸುಮಾರು ಒಂದೂವರೆ ಕಿಲೋ ತೂಗುತ್ತದೆ. ಅದನ್ನು ಎಡಗೈಯಲ್ಲಿ ಕಣ್ಣಿನ ಎತ್ತರಕ್ಕೆ ಹಿಡಿದು ಹತ್ತು ನಿಮಿಷ ನಿಂತು ನೋಡಲಿ. ಇದರ ಮೇಲೆ ಕ್ಯಾಮೆರಾ, ಫ್ಲಾಷುಗಳ ಭಾರವೂ ಸೇರಿ ಎರಡೂವರೆ ಕಿಲೋ ಸಮೀಪಿಸುತ್ತದೆ. ನಸುಕಿನ ಶಾಸ್ತ್ರದಿಂದ ರಾತ್ರಿಯ ಆರತಕ್ಷತೆಯವರೆಗೆ, ಕೆಲವೊಮ್ಮೆ ಎರಡು ದಿನ, ಈ ಭಾರದೊಂದಿಗೆ ಓಡಾಡಬೇಕು. ಮಧ್ಯಾಹ್ನದ ಊಟದ ಹೊತ್ತಿಗೆ ಚೀಲ ಸೇರಿ ಮತ್ತೆ ಹೊರಬಾರದ ಲೆನ್ಸುಗಳು ಎಷ್ಟೋ ಇವೆ. ತಯಾರಕರೂ ಇದನ್ನು ಮನಗಂಡಂತಿದೆ. ಸೋನಿಯ 2016ರ ಲೆನ್ಸು 1,480 ಗ್ರಾಂ ಇದ್ದದ್ದು 2021ರ ಎರಡನೆಯ ಆವೃತ್ತಿಯಲ್ಲಿ 1,045 ಗ್ರಾಮಿಗೆ ಇಳಿಯಿತು. ಕ್ಯಾನನ್ನಿನ 2019ರ ಕನ್ನಡಿರಹಿತ ಕ್ಯಾಮೆರಾದ ಲೆನ್ಸು 1,070 ಗ್ರಾಂ. ಟಾಮ್ರಾನ್ ಸಂಸ್ಥೆ 200ರ ಬದಲು 180ಕ್ಕೇ ನಿಲ್ಲಿಸಿ, 2020ರಲ್ಲಿ ಸೋನಿ ಕ್ಯಾಮೆರಾಗಳಿಗಾಗಿ 810 ಗ್ರಾಮಿನ ಎಫ್ 2.8 ಲೆನ್ಸನ್ನು ತಂದಿತು. ಆ ಇಪ್ಪತ್ತು ಮಿಲಿಮೀಟರ್ ಬಿಟ್ಟುಕೊಟ್ಟದ್ದು ಜಾಣತನವೆಂದೇ ನಮ್ಮ ಎಣಿಕೆ.

ಇನ್ನು ಹಣದ ಮಾತು. ಕ್ಯಾನನ್, ನಿಕಾನ್, ಸೋನಿಗಳ ಹೊಸ ಲೆನ್ಸಿನ ಬೆಲೆ ಒಂದೂವರೆ ಲಕ್ಷ ರೂಪಾಯಿಗಳನ್ನು ಮೀರುತ್ತದೆ. ಬಳೆಗಳ ಮೇಲೆ 1,80,000 ರೂಪಾಯಿ ಸಾಲ, ವರ್ಷಕ್ಕೆ ನೂರಕ್ಕೆ 12ರ ಬಡ್ಡಿ ಎಂದು ಹಿಡಿದರೆ, ಅಸಲು ಮುಟ್ಟದೆ ಬಡ್ಡಿಯೊಂದೇ ವರ್ಷಕ್ಕೆ 21,600 ರೂಪಾಯಿ. ದೊಡ್ಡ ಊರುಗಳಲ್ಲಿ ಇಂತಹ ಲೆನ್ಸುಗಳು ದಿನಬಾಡಿಗೆಗೆ ದೊರೆಯುತ್ತವೆ. ಬಾಡಿಗೆ ಊರಿಂದೂರಿಗೆ ಬೇರೆ. ಲೆಕ್ಕಕ್ಕಾಗಿ ದಿನಕ್ಕೆ 1,000 ರೂಪಾಯಿ ಎಂದುಕೊಂಡರೆ, ಬಡ್ಡಿಯ ಹಣದಲ್ಲಿಯೇ ವರ್ಷಕ್ಕೆ 21 ದಿನ ಲೆನ್ಸು ಕೈಗೆ ಬರುತ್ತದೆ, ಬಳೆಗಳು ಪೆಟ್ಟಿಗೆಯಲ್ಲಿಯೇ ಇರುತ್ತವೆ. ವರ್ಷಕ್ಕೆ ಅರವತ್ತು ಎಪ್ಪತ್ತು ದಿನ ಬೇಕಾಗುವವರಿಗೆ ಈ ಲೆಕ್ಕ ತಿರುಗಿಬೀಳುತ್ತದೆ. ಒಳ್ಳೆಯ ಲೆನ್ಸನ್ನು ಕೆಲವು ವರ್ಷ ದುಡಿಸಿ ಮಾರಿದರೂ ಬೆಲೆಯ ಒಂದು ಭಾಗ ಮರಳಿ ಬರುತ್ತದೆ ಎಂಬುದನ್ನೂ ಮರೆಯಬಾರದು.

ಚಿರಂಜೀವಿಯವರಿಗೆ ಎಷ್ಟು ದಿನ ಬೇಕು? ಇದನ್ನು ಊಹಿಸಬೇಕಾಗಿಲ್ಲ. ಪ್ರತಿಯೊಂದು ಡಿಜಿಟಲ್ ಚಿತ್ರದೊಳಗೂ ಅದನ್ನು ತೆಗೆದಾಗಿನ ಸಂಗಮದೂರ, ಕಿಂಡಿ, ಷಟರ್ ವೇಗ, ಐಎಸ್ಒ ದಾಖಲಾಗಿರುತ್ತವೆ. ಕಳೆದ ಒಂದು ವರ್ಷದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತೆರೆದು, 135ಕ್ಕಿಂತ ಹೆಚ್ಚಿನ ಸಂಗಮದೂರದಲ್ಲಿ ತೆಗೆದವು ಎಷ್ಟು, ಅವುಗಳಲ್ಲಿ ಬೆಳಕು ಸಾಲದೆ ಕೆಟ್ಟವು ಎಷ್ಟು, ಅವು ಎಷ್ಟು ಸಮಾರಂಭಗಳಿಗೆ ಸೇರಿದವು ಎಂದು ಬರೆದಿಡಲಿ. ಒಂದು ಭಾನುವಾರದ ಕೆಲಸ. ತಾಯಿಯವರು ಪಕ್ಕದಲ್ಲಿ ಕುಳಿತು ಎಣಿಸಬಹುದು. ಅದಕ್ಕೆ ಕ್ಯಾಮೆರಾದ ಭಾಷೆ ಬೇಕಾಗಿಲ್ಲ.

ಪತ್ರದಲ್ಲಿ ಹೇಳಿರುವಂತೆ ಅವರ ಕೆಲಸದ ಬಹುಪಾಲು ಮದುವೆಗಳೇ ಆಗಿದ್ದು, ವೇದಿಕೆಯ ಕಾರ್ಯಕ್ರಮಗಳು ವರ್ಷಕ್ಕೆ ಏಳೆಂಟು ಮಾತ್ರ. ಇದನ್ನು ನೋಡಿದರೆ ಈ ವರ್ಷ ಬಳೆಗಳನ್ನು ಅಡವಿಡುವುದು ಬೇಡವೆಂದೇ ನಮ್ಮ ಸ್ಪಷ್ಟ ಅಭಿಪ್ರಾಯ. ಅದರ ಬದಲು 85 ಮಿಲಿಮೀಟರಿನ ಎಫ್ 1.8 ಲೆನ್ಸೊಂದನ್ನು ಕೊಳ್ಳಲಿ. ಅದಕ್ಕೆ ಜೂಮ್ ಇಲ್ಲ, ಆದರೆ 2.8ಕ್ಕಿಂತ ಇಮ್ಮಡಿಗೂ ಮಿಕ್ಕಿ ಬೆಳಕನ್ನು ಒಳಬಿಡುತ್ತದೆ. ಕ್ಯಾನನ್ನಿನ ಹಳೆಯ 85 ಕೇವಲ 425 ಗ್ರಾಂ ತೂಗುತ್ತದೆ, ಬೆಲೆಯೂ ದೊಡ್ಡ ಜೂಮಿನ ಒಂದು ಪಾಲು ಮಾತ್ರ. ವೇದಿಕೆಯಿಂದ ನಾಲ್ಕು ಹೆಜ್ಜೆ ಹಿಂದೆ ಸರಿಯಲು ಅದು ಸಾಕು. ಉಳಿದ ಏಳೆಂಟು ದಿನಗಳಿಗೆ ದೊಡ್ಡ ಲೆನ್ಸನ್ನು ಬಾಡಿಗೆಗೆ ತರಲಿ.

ಬಾಡಿಗೆಯ ದಿನಗಳು ಹೆಚ್ಚುತ್ತಾ ಹೋಗಿ ಕೊಳ್ಳುವ ಕಾಲ ಬಂದರೂ ಹೊಸದೇ ಆಗಬೇಕೆಂದಿಲ್ಲ. ಕ್ಯಾನನ್ ಮತ್ತು ನಿಕಾನ್ ಎರಡೂ 2018ರಲ್ಲಿ ಹೊಸ ಮಾದರಿಯ ಪೂರ್ಣ ಅಳತೆಯ ಕನ್ನಡಿರಹಿತ ಕ್ಯಾಮೆರಾಗಳನ್ನು ತಂದ ಮೇಲೆ ಹಳೆಯ ಲೆನ್ಸುಗಳು ಬಹಳಷ್ಟು ಮಾರಾಟಕ್ಕೆ ಬಂದಿವೆ. ಅಡಾಪ್ಟರ್ ಹಾಕಿದರೆ ಅವುಗಳಲ್ಲಿ ಅನೇಕವು ಹೊಸ ಕ್ಯಾಮೆರಾಗಳಲ್ಲಿಯೂ ನಡೆಯುತ್ತವೆ. ಕೊಳ್ಳುವ ಮುನ್ನ ಒಂದು ತುದಿಯಿಂದ ಟಾರ್ಚ್ ಬೆಳಕು ಹಾಯಿಸಿ ಮತ್ತೊಂದು ತುದಿಯಿಂದ ನೋಡಬೇಕು. ಜೇಡರ ಬಲೆಯಂತಹ ಎಳೆಗಳು ಕಂಡರೆ ಅದು ಬೂಷ್ಟು. ಎಷ್ಟೇ ಅಗ್ಗವಾದರೂ ಬಿಟ್ಟು ಬರಬೇಕು. ಮಲೆನಾಡು, ಕರಾವಳಿಗಳಲ್ಲಿ ಬಳಸಿದ ಲೆನ್ಸುಗಳಲ್ಲಿ ಇದು ಹೆಚ್ಚು. 70, 135, 200 ಮೂರರಲ್ಲಿಯೂ ಕಿಂಡಿ ಪೂರ್ಣ ತೆರೆದು ಇಟ್ಟಿಗೆ ಗೋಡೆಯ ಚಿತ್ರ ತೆಗೆದು, ಎಡ ಬಲ ಅಂಚುಗಳು ಸಮನಾಗಿ ಸ್ಫುಟವಾಗಿವೆಯೇ ಎಂದು ಹೋಲಿಸಬೇಕು. ಒಂದು ಅಂಚು ಮಾತ್ರ ಮಸುಕಾಗಿದ್ದರೆ ಲೆನ್ಸು ಎಲ್ಲಿಯೋ ಬಿದ್ದಿರುವ ಸಂಭವವುಂಟು. ಮನೆಗೆ ತಂದ ಮೇಲೆ ಚರ್ಮದ ಚೀಲದಲ್ಲಿ ಬೀರುವಿನೊಳಗೆ ಮುಚ್ಚಿಡದೆ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಬೇಕು. ನೀಲಿಯ ಹರಳುಗಳು ಗುಲಾಬಿಯಾದರೆ ತೇವ ಹೀರಿಕೊಂಡಿವೆಯೆಂದು ಅರ್ಥ; ಬಿಸಿಮಾಡಿ ಒಣಗಿಸಿ ಮತ್ತೆ ಬಳಸಬಹುದು.

ಬಾಡಿಗೆಗೆ ತರುವಾಗಲೂ ಇಷ್ಟೇ ಎಚ್ಚರ ಬೇಕು. ಕಾರ್ಯಕ್ರಮದ ಹಿಂದಿನ ದಿನವೇ ತಂದು, ಅಂಗಡಿಯವರ ಎದುರಿಗೇ ಗಾಜನ್ನು ಪರೀಕ್ಷಿಸಿ, ಮೊದಲೇ ಇರುವ ಗೀರುಗಳನ್ನು ರಸೀದಿಯ ಮೇಲೆ ಬರೆಸಿಕೊಳ್ಳಬೇಕು. ಆ ಸಂಜೆ ಮನೆಯಲ್ಲಿ, ಒಂದೇ ದೀಪದ ಬೆಳಕಿನಲ್ಲಿ, ಓಡಾಡುವ ಮಕ್ಕಳನ್ನು ನೂರು ಸಲ ತೆಗೆದು ಕೈ ಪಳಗಿಸಿಕೊಳ್ಳಲಿ. ಮುಕ್ಕಾಲಿಗೆ ಸೇರಿಸುವಾಗ ಕ್ಯಾಮೆರಾದ ತಳವನ್ನು ಬಿಗಿಯದೆ, ಲೆನ್ಸಿಗಿರುವ ಪಟ್ಟಿಯ ಪಾದವನ್ನೇ ಬಿಗಿಯಬೇಕೆಂದು ಅವರಿಗೆ ತಿಳಿದಿರಬಹುದು; ತಿಳಿಯದಿದ್ದರೆ ತಾಯಿಯವರು ಈ ಪುಟವನ್ನು ತೋರಿಸಲಿ.