ಚಪ್ಪಲಿಗೆ ಊರಿನ ಹೆಸರು ಸಿಕ್ತು, ಹೊಲಿದವರ ಹೆಸರು ಎಲ್ಲಿ?

ಪೋಸ್ಟ್ ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ಪ್ರಾಡಾ ಚಪ್ಪಲಿ ವಿಚಾರ ಎಲ್ರೂ ಮರೆತ ಹಾಗಿದೆ. 2025ರ ಜೂನ್‌ನಲ್ಲಿ ಮಿಲಾನ್ ಫ್ಯಾಷನ್ ಶೋನಲ್ಲಿ ಆ ಕಂಪನಿ ಕೊಲ್ಹಾಪುರಿಯನ್ನೇ ಹೋಲುವ ಚಪ್ಪಲಿ ತೋರಿಸಿ ಬರೀ 'ಲೆದರ್ ಸ್ಯಾಂಡಲ್' ಅಂತ ಕರೀತು. ಗಲಾಟೆ ಆದಮೇಲೆ ಭಾರತದ ಕುಶಲಕರ್ಮಿಗಳಿಂದ ಪ್ರೇರಣೆ ಪಡೆದಿದ್ದು ಅಂತ ಒಪ್ಪಿಕೊಂಡಿತು. ಟೀವಿಯಲ್ಲಿ ಕೂತವರೆಲ್ಲ 'ನಮ್ಮ ಪರಂಪರೆ ಕದ್ದರು' ಅಂತ ಕೂಗಿದ್ದೇ ಕೂಗಿದ್ದು. ಯಾರ ಪರಂಪರೆ ಸ್ವಾಮಿ? ಚರ್ಮ ಮುಟ್ಟಿದವರನ್ನ ಊರಾಚೆ ಇಟ್ಟಿದ್ದು ನಿಮ್ಮ ಪರಂಪರೆ. ಹದ ಮಾಡಿದವರು, ಹೊಲಿದವರು ಸಮಗಾರರು, ಢೋರರು, ಮಾದಿಗರು.

ಹೆಸರು ಕೊಲ್ಹಾಪುರದ್ದು, ಆದರೆ ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಕೈಗಳೂ ಅದನ್ನ ಹೊಲಿಯುತ್ತವೆ. ಅದಕ್ಕೇ 2018ರಲ್ಲಿ ಜಿಐ ಟ್ಯಾಗ್ ನೋಂದಣಿ ಆದಾಗ ಅದು ಎರಡು ರಾಜ್ಯಗಳ ಎಂಟು ಜಿಲ್ಲೆಗೆ ಸಿಕ್ಕಿತು. ನಮ್ಮ ಕಡೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. ಮಾಲೀಕರು ಯಾರು? ಮಹಾರಾಷ್ಟ್ರದ ಲಿಡ್ಕಾಂ, ಕರ್ನಾಟಕದ ಲಿಡ್ಕರ್. ಎರಡೂ ಸರ್ಕಾರಿ ನಿಗಮಗಳು.

ನಾನು ಕ್ಲರ್ಕು. ಯಾವ ಕಾಯ್ದೆ ಕೈಗೆ ಬಂದರೂ ಮೊದಲು ವ್ಯಾಖ್ಯೆಗಳ ಪುಟ ತೆಗೀತೀನಿ, ಕಳ್ಳಾಟ ಎಲ್ಲ ಅಲ್ಲೇ ಇರುತ್ತೆ. 1999ರ ಭೌಗೋಳಿಕ ಸೂಚಿಕೆಗಳ ಕಾಯ್ದೆಯ ಸೆಕ್ಷನ್ 2ರಲ್ಲಿ 'ಉತ್ಪಾದಕ' ಅಂದ್ರೆ ಯಾರು ಅಂತ ನೋಡಿ. ಕರಕುಶಲ ವಸ್ತು ತಯಾರಿಸುವವನು, ಅದರ ಜೊತೆಗೆ ಆ ವಸ್ತುವಿನ ವ್ಯಾಪಾರ ಮಾಡುವ ಯಾರೇ ಆದರೂ! ಮೂರು ದಿನ ಬೆನ್ನು ಬಗ್ಗಿಸಿ ಹೊಲಿದವನೂ ಉತ್ಪಾದಕ, ಗಲ್ಲಾ ಮೇಲೆ ಕೂತು ರೇಟು ಹೇಳುವ ಸೇಠೂ ಉತ್ಪಾದಕ. ಅರ್ಜಿ, ಇಂಗ್ಲಿಷು, ಲಾಯರು, ಚೆನ್ನೈನ ಜಿಐ ಕಚೇರಿ ಇವೆಲ್ಲ ಯಾರಿಗೆ ಸಲೀಸು ಅಂತ ನಾನು ಹೇಳಬೇಕಾ?

ಇನ್ನೊಂದು ತಮಾಷೆ. ಈ ಕಾಯ್ದೆ ಕಾಯೋದು ಹೆಸರನ್ನ, ವಿನ್ಯಾಸವನ್ನಲ್ಲ. ನಮ್ಮ ರಾಜಗೋಪಾಲನಗರದ ರಸ್ತೆಬದಿಯಲ್ಲಿ ಒಬ್ಬ ಗಾಡಿಯವನು ರೆಕ್ಸಿನ್ ಚಪ್ಪಲಿಗೆ 'ಕೊಲ್ಹಾಪುರಿ' ಅಂತ ಬೋರ್ಡ್ ಹಾಕಿದರೆ ಅವನ ಮೇಲೆ ಕೇಸು ಹಾಕಬಹುದು. ಆಕಾರ, ಪಟ್ಟಿ, ಹೆಣಿಗೆ ಎಲ್ಲಾ ಎತ್ತಿಕೊಂಡು ಹೆಸರು ಮಾತ್ರ ಹಾಕದ ಮಿಲಾನ್ ಕಂಪನಿ ಈ ಕಾಯ್ದೆಯಿಂದ ಸುಲಭವಾಗಿ ನುಣುಚಿಕೊಳ್ಳಬಹುದು. ಕುಶಲಕರ್ಮಿಗಳಿಗೆ ಪರಿಹಾರ ಕೊಡಿಸಿ ಅಂತ ಕೆಲವು ವಕೀಲರು ಬಾಂಬೆ ಹೈಕೋರ್ಟಿಗೆ ಹೋದರು. ನೋಂದಾಯಿತ ಮಾಲೀಕರು ಬರಲಿ, ನೀವ್ಯಾರು ಅಂತ ಜುಲೈನಲ್ಲಿ ಅರ್ಜಿ ವಜಾ ಆಯ್ತು. ಮಾಲೀಕ ನಿಗಮಗಳು ಕೋರ್ಟಿಗೆ ಹೋಗಲಿಲ್ಲ, ಡಿಸೆಂಬರ್‌ನಲ್ಲಿ ಪ್ರಾಡಾ ಜೊತೆ ಒಪ್ಪಂದಕ್ಕೆ ಸಹಿ ಹಾಕಿದವು. 2000 ಜೋಡಿ, ಒಂದು ಜೋಡಿಗೆ ಸುಮಾರು 800 ಯೂರೋ, 40 ಅಂಗಡಿಗಳಲ್ಲಿ ಮಾರಾಟ ಅಂತ ಪ್ರಕಟಣೆ. ಲೆಕ್ಕ ಹಾಕಿ: ಒಂದು ಜೋಡಿ 80 ಸಾವಿರ ರೂಪಾಯಿ ದಾಟುತ್ತೆ, ಒಟ್ಟು ಮಾರಾಟ 16 ಕೋಟಿ. ಇದರಲ್ಲಿ ಅಥಣಿಯ ಒಂದು ಮನೆಗೆ ಎಷ್ಟು? 12ನೇ ಶತಮಾನದ ಹರಳಯ್ಯ, ಕಲ್ಯಾಣಮ್ಮ ಅನ್ನೋ ಹೆಸರು ಇವತ್ತಿಗೂ ನಮ್ಮ ಬಾಯಲ್ಲಿದೆ. ಈ 2000 ಜೋಡಿ ಹೊಲಿಯುವವರ ಹೆಸರು ಯಾವ ಪ್ರಕಟಣೆಯಲ್ಲಿದೆ?

ಬೌದ್ಧಿಕ ಆಸ್ತಿ ಕಾನೂನಿನ ವಿದ್ವಾಂಸರಿಗೂ ಒಂದು ಮಾತು. ಜಿಐ ಬಗ್ಗೆ ಊರು, ಮಣ್ಣು, ಸಮುದಾಯ, ಪಾರಂಪರಿಕ ಜ್ಞಾನ ಅಂತ ಪುಟಗಟ್ಟಲೆ ಬರೀತೀರಿ. ಅಮೆರಿಕದಲ್ಲಿ ಅಂಜಲಿ ವಾಟ್ಸ್ 2020ರಲ್ಲಿ ಪುಸ್ತಕ ಬರೆದು, ಯಾರನ್ನ 'ಸೃಷ್ಟಿಕರ್ತ' ಅಂತ ಕಾನೂನು ಒಪ್ಪುತ್ತೆ ಅನ್ನೋದರಲ್ಲಿ ಜನಾಂಗ ಹೇಗೆ ಕೆಲಸ ಮಾಡುತ್ತೆ ಅಂತ ತೋರಿಸಿದರು. ಇಲ್ಲಿ ಜಾತಿ ಅಂದ ಕೂಡಲೇ ಯಾಕೆ ದನಿ ತಗ್ಗುತ್ತೆ? ನೀವು 'ಸಮುದಾಯ' ಅನ್ನೋದಕ್ಕೆ ನಮ್ಮೂರಲ್ಲಿ ಕೇರಿ ಅಂತಾರೆ. ಆ ಜ್ಞಾನ ಆ ಕೈಗಳಲ್ಲೇ ಉಳಿದದ್ದು ಬೇರೆ ಕೆಲಸ ಮಾಡೋಕೆ ಬಿಡದೇ ಇದ್ದದ್ದಕ್ಕೆ.

ನಮ್ಮವರಲ್ಲೇ ಕೆಲವರು ಕೇಳ್ತಾರೆ: ಅಣ್ಣಾ, ಕುಲಕಸುಬು ಬಿಡಿ ಅನ್ನೋ ನಾವೇ ಚಪ್ಪಲಿಗೆ ಹಕ್ಕು ಕೇಳೋದು ಸರೀನಾ? ನ್ಯಾಯವಾದ ಪ್ರಶ್ನೆ. ಸಮಗಾರರ ಮಗಳು ಪೀಣ್ಯದಲ್ಲಿ ಇಂಜಿನಿಯರ್ ಆಗಲಿ, ಲಾ ಓದಲಿ, ಉಳಿ ಮುಟ್ಟದೇ ಇರಲಿ. ಆದರೆ ಅವಳಪ್ಪ ಇವತ್ತು ಹೊಲೀತಿದ್ದಾನಲ್ಲ? ಅವನ ಕಸುಬನ್ನ ಪರಂಪರೆ ಅಂತ ಪೂಜೆ ಮಾಡೋದು ಬೇಡ, ದುಡ್ಡು ಕೊಡಿ. ಅಂದಹಾಗೆ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ತಂದವರೂ ಚಪ್ಪಲಿ ಪರ ಭಾಷಣ ಮಾಡಿದರೆ ನಗಬೇಕೋ ಅಳಬೇಕೋ. ಚರ್ಮ ಆಕಾಶದಿಂದ ಉದುರುತ್ತಾ?

ಲಿಡ್ಕರ್‌ಗೆ ನೇರವಾಗಿ ಕೇಳೋದು: ಒಪ್ಪಂದದ ಪ್ರತಿ ಕನ್ನಡದಲ್ಲಿ ಪ್ರಕಟಿಸಿ, ಅಥಣಿಯಲ್ಲಿ ಸಭೆ ಕರೆದು ಓದಿ ಹೇಳಿ. ಪ್ರತಿ ಜೋಡಿ ಮೇಲೆ ಹೊಲಿದವರ ಹೆಸರು, ಊರು ಬರಲಿ, ಕೂಲಿ ಎಷ್ಟು ಅಂತ ನಮೂದಾಗಲಿ. ಸರ್ಕಾರ ಸೆಕ್ಷನ್ 2ರಿಂದ ವ್ಯಾಪಾರಿಯನ್ನ ಹೊರಗೆ ಹಾಕೋ ತಿದ್ದುಪಡಿಗೆ ಕೇಂದ್ರದ ಮೇಲೆ ಒತ್ತಡ ತರಲಿ.

ಬೆಳಗಾವಿ, ಬಾಗಲಕೋಟೆ ಕಡೆಯ ಗೆಳೆಯರೇ, ಅಲ್ಲೀವರೆಗೆ ಒಂದು ಕೆಲಸ ನಮ್ಮ ಕೈಯಲ್ಲೇ ಇದೆ. ನಿಗಮ ಮಾಲೀಕ ಆದರೂ 'ಅಧಿಕೃತ ಬಳಕೆದಾರ' ಅಂತ ಹೊಲಿಯುವವರೇ ನೋಂದಣಿ ಮಾಡಿಸಬಹುದು. ಸೆಕ್ಷನ್ 21ರ ಪ್ರಕಾರ ಆಗ ಕೋರ್ಟಿಗೆ ಹೋಗೋ ಹಕ್ಕು ಅವರಿಗೂ ಬರುತ್ತೆ, 'ನೀವ್ಯಾರು' ಅಂತ ಕೇಳೋ ಹಾಗಿಲ್ಲ. 2020ರಲ್ಲಿ ಇದರ ಶುಲ್ಕವನ್ನ 500ರಿಂದ 10 ರೂಪಾಯಿಗೆ ಇಳಿಸಿದ್ದಾರೆ. ಅಡ್ಡ ಇರೋದು ಇಂಗ್ಲಿಷ್ ಫಾರಂ ಒಂದೇ. ಫಾರಂ ತುಂಬೋದೇ ನನ್ನ ದಿನನಿತ್ಯದ ಕೆಲಸ. ಭಾನುವಾರ ಫ್ರೀ ಇರ್ತೀನಿ, ನಿಮ್ಮೂರ ಹೊಲಿಯುವವರ ಪಟ್ಟಿ ಇನ್‌ಬಾಕ್ಸ್‌ಗೆ ಕಳಿಸಿ.