ಶಾಲು ಯಾರ ಹೆಗಲಿಗೆ?



ಜಾತ್ರಾ ಮಹೋತ್ಸವದ ವೇದಿಕೆಯನ್ನು ನೀವೆಲ್ಲರೂ ಬಲ್ಲಿರಿ. ತೇರು ಎಳೆದ ಮರುದಿನದ ಸಂಜೆ ಧರ್ಮಸಭೆ. ಸಭೆಯ ಕೊನೆಗೆ ಗುರುರಕ್ಷೆ. ಕಲ್ಯಾಣಮಂಟಪಕ್ಕೆ ಕಲ್ಲು ಹಾಸಿಸಿಕೊಟ್ಟ ಗುತ್ತಿಗೆದಾರರು, ಬ್ಯಾಂಕಿನ ಅಧ್ಯಕ್ಷರು, ಮಂತ್ರಿಗಳು, ಮಾಜಿ ಮಂತ್ರಿಗಳು, ಮುಂದೆ ಮಂತ್ರಿಗಳಾಗಬೇಕೆಂದಿರುವವರು ಸಾಲಾಗಿ ಬಂದು ಶಾಲು, ಫಲ, ಪುಷ್ಪ, ಸ್ಮರಣಿಕೆಗಳನ್ನು ಸ್ವೀಕರಿಸುತ್ತಾರೆ. ಕೊಟ್ಟವರನ್ನು ನೆನೆಯುವುದು ಮಠದ ಸಂಪ್ರದಾಯ. ಅದನ್ನು ಹಳಿಯಲು ನಾನು ಲೇಖನಿ ಹಿಡಿದಿಲ್ಲ. ಆದರೆ ನಾಲ್ವತ್ತು ವರ್ಷಗಳಿಂದ ಈ ಸಭೆಗಳಲ್ಲಿ ಕುಳಿತಿರುವ ನನಗೆ, ದಿಕ್ಕಿಲ್ಲದವನೊಬ್ಬನ ಪರವಾಗಿ ಫೀ ಪಡೆಯದೆ ಹತ್ತು ವರ್ಷ ಕೋರ್ಟಿನ ಮೆಟ್ಟಿಲು ಹತ್ತಿಳಿದ ಒಬ್ಬನಾದರೂ ಆ ಸಾಲಿನಲ್ಲಿ ಕಂಡಿದ್ದರೆ ಹೇಳಿರಿ. ನನಗೆ ಕಂಡಿಲ್ಲ. ಈ ಮಾತನ್ನು ಮಠದ ಪತ್ರಿಕೆಯಲ್ಲಿಯೇ ಬರೆಯುತ್ತಿರುವುದು ಕೆಲವರಿಗೆ ಉದ್ಧಟತನವಾಗಿ ತೋರಬಹುದು. ಮಠದ ಅನ್ನ ಉಂಡವನಿಗೆ ಮಠಕ್ಕೆ ಮಾತು ಹೇಳುವ ಹಕ್ಕೂ ಇದೆಯೆಂದು ನಾನು ತಿಳಿದಿದ್ದೇನೆ.

ನ್ಯಾಯವೆಂಬುದು ಮಠಕ್ಕೆ ಸಂಬಂಧಪಡದ ವಿಷಯವೆನ್ನುವವರು ಕಲ್ಯಾಣದ ಕಥೆಯನ್ನು ಪ್ರತಿವರ್ಷ ಪುರಾಣದಲ್ಲಿ ಕೇಳಿ ಮರೆತಿದ್ದಾರೆ. ಹರಳಯ್ಯ ಮಧುವರಸರು ಮಾಡಿದ ಅಪರಾಧವಾದರೂ ಏನು? ತಮ್ಮ ಮಕ್ಕಳ ಮದುವೆ. ಅವರಿಗೆ ದೊರೆತುದು ಎಳೆಹೂಟೆಯ ಶಿಕ್ಷೆ. ಬಿಜ್ಜಳನ ಆಸ್ಥಾನದಲ್ಲಿ ಅವರ ಪಕ್ಷವನ್ನು ಕೇಳುವ ಏರ್ಪಾಡೇ ಇರಲಿಲ್ಲ. ಆ ಹುತಾತ್ಮರನ್ನು ನೆನೆದು ಕಣ್ಣೀರಿಡುವ ನಾವು, ನಮ್ಮ ಕಣ್ಣೆದುರಿಗೇ ಪಕ್ಷ ಕೇಳುವವರಿಲ್ಲದೆ ಸೋಲುವವರ ಬಳಿ ನಿಂತವರನ್ನು ಗುರುತಿಸದಿದ್ದರೆ ಆ ಕಣ್ಣೀರಿಗೆ ಬೆಲೆಯೆಷ್ಟು?

ದೂರ ಹೋಗುವುದು ಬೇಡ, ನಮ್ಮ ಧಾರವಾಡವನ್ನೇ ನೋಡಿರಿ. 1984ರಲ್ಲಿ ಸರಕಾರವು ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಯೊಡನೆ ಕೂಡಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಜಂಟಿ ಕಂಪನಿಯನ್ನು ಹುಟ್ಟುಹಾಕಿತು. ಸುಮಾರು 75,000 ಎಕರೆ ಭೂಮಿಯನ್ನು ನೀಲಗಿರಿ ಬೆಳೆಯಲು ಅದಕ್ಕೆ ಒಪ್ಪಿಸಲು ಹೊರಟಿತು. ಕಾಗದದಲ್ಲಿ ಅದು 'ಸಿ' ಮತ್ತು 'ಡಿ' ವರ್ಗದ ಭೂಮಿ, ಅಂದರೆ ಬೀಳು. ಹಳ್ಳಿಯವನಿಗೆ ಅದು ದನ ಮೇಯುವ ಜಾಗ, ಉರುವಲಿನ ಜಾಗ, ಬುಟ್ಟಿ ಹೆಣೆಯುವವನಿಗೆ ಕಡ್ಡಿ ಸಿಗುವ ಜಾಗ. ಹೊಲವಿದ್ದವನು ಹೇಗಾದರೂ ಬದುಕಿಯಾನು. ಹೊಲವಿಲ್ಲದವನ ಆಡು ಎಲ್ಲಿ ಮೇಯಬೇಕು? ಆಗ ಧಾರವಾಡದ ಸಮಾಜ ಪರಿವರ್ತನ ಸಮುದಾಯವು ಎಸ್. ಆರ್. ಹಿರೇಮಠರ ಮುಂದಾಳುತನದಲ್ಲಿ ಹಳ್ಳಿಹಳ್ಳಿ ತಿರುಗಿ ಜನರನ್ನು ಸಂಘಟಿಸಿತು. ಎಂಬತ್ತು ದಾಟಿದ ಶಿವರಾಮ ಕಾರಂತರನ್ನೂ ಅರ್ಜಿದಾರರನ್ನಾಗಿ ಮಾಡಿಕೊಂಡು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 1987ರಲ್ಲಿ ತಡೆಯಾಜ್ಞೆ ದೊರೆಯಿತು. ಅದೇ ವರ್ಷ ನವಂಬರ 14ರಂದು, ಆಗಿನ ಧಾರವಾಡ ಜಿಲ್ಲೆಯ ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ 'ಕಿತ್ತಿಕೊ ಹಚ್ಚಿಕೊ' ಸತ್ಯಾಗ್ರಹ. ನೀಲಗಿರಿಯ ಸಸಿ ಕಿತ್ತು, ಜನರಿಗೆ ಬೇಕಾದ ಗಿಡ ಹಚ್ಚಿದರು. 1991ರಲ್ಲಿ ಕಂಪನಿಯೇ ಮುಚ್ಚಿತು. ಮುಂದೆ ಇದೇ ಸಮುದಾಯವು 2009ರಲ್ಲಿ ಗಣಿಗಾರಿಕೆಯ ಅಕ್ರಮಗಳ ವಿರುದ್ಧ ಸಲ್ಲಿಸಿದ ಅರ್ಜಿಯ ಮೇಲೆ 2013ರ ಏಪ್ರಿಲ 18ರಂದು ತೀರ್ಪು ಬಂದು, ಅತಿ ಹೆಚ್ಚು ಅಕ್ರಮವೆಸಗಿದ 'ಸಿ' ವರ್ಗದ ಗಣಿಗಳ ಗುತ್ತಿಗೆಗಳು ರದ್ದಾದುವು.

ಹಿರೇಮಠರ ಎಲ್ಲ ಮಾತುಗಳನ್ನೂ ಒಪ್ಪಬೇಕೆಂದು ನಾನು ಹೇಳುತ್ತಿಲ್ಲ. ಅವರ ನಾಲಿಗೆ ತೀಕ್ಷ್ಣವಾದುದು. ಯಾವ ಪಕ್ಷದವರನ್ನೂ ಅವರು ಬಿಟ್ಟವರಲ್ಲ. ಬಹುಶಃ ಅಂಥವರನ್ನು ವೇದಿಕೆಗೆ ಕರೆಯಲು ಹಿಂಜರಿಯುವುದಕ್ಕೆ ಕಾರಣವೂ ಅದೇ ಇರಬೇಕು. ಪಕ್ಕದ ಕುರ್ಚಿಯಲ್ಲಿ ಯಾರು ಕುಳಿತಿರುತ್ತಾರೋ ಎಂಬ ಅಂಜಿಕೆ!

ಇನ್ನೊಂದು ಹೆಸರು ಹೇಳುತ್ತೇನೆ. ಅಥಣಿಯ ವಕೀಲ ಬಿ. ಎಲ್. ಪಾಟೀಲರು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯದೆಯನ್ನು ನಮ್ಮ ರಾಜ್ಯ 1982ರಲ್ಲಿ ಮಾಡಿತು. ಕಾಯದೆ ಮಾಡಿದರೆ ಆಯಿತೇ? ಆ ತಾಯಂದಿರಿಗೆ ಬದುಕು, ಅವರ ಮಕ್ಕಳಿಗೆ ಶಾಲೆ ಬೇಡವೇ? ಪಾಟೀಲರು ವಿಮೋಚನಾ ಸಂಘವನ್ನು ಕಟ್ಟಿ ಆ ಮಕ್ಕಳಿಗಾಗಿ ವಸತಿಶಾಲೆ ನಡೆಸಿದರು. ಕರಿಕೋಟಿನ ಕಾಯಕ ಅಲ್ಲಿ ದಾಸೋಹವಾಯಿತು.

ಈಗ ನಮಗೆ ಕಹಿಯಾದ ಮಾತು. 1974ರ ಮಾರ್ಚ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಾಗ ಗೇಣಿದಾರನು ನಮೂನೆ 7ರಲ್ಲಿ ಅರ್ಜಿ ಹಾಕಬೇಕಾಗಿತ್ತು. ಅವಧಿ ಬೆಳೆಯುತ್ತ 1979ರ ಜೂನ 30ರವರೆಗೆ ಹೋಯಿತು. ಕಾಯದೆ ಮಠಗಳ ಜಮೀನನ್ನೂ ಬಿಡಲಿಲ್ಲ. ಆದುದರಿಂದ ಎಷ್ಟೋ ಭೂನ್ಯಾಯಮಂಡಳಿಗಳ ಮುಂದೆ ಒಂದು ಕಡೆ ಮಠದ ಜಮೀನನ್ನು ಲಾವಣಿಗೆ ಉಳುತ್ತಿದ್ದ ಬಡವ, ಇನ್ನೊಂದು ಕಡೆ ಮಠ! ಬಡವನಿಗೆ ಅರ್ಜಿ ಬರೆದುಕೊಟ್ಟವನು ಆಗ ನಮ್ಮವರ ಕಣ್ಣಿಗೆ ಗುರುದ್ರೋಹಿಯಾಗಿ ಕಂಡನು. ಆ ಜಮೀನಿನ ಉತ್ಪನ್ನದಿಂದಲೇ ದಾಸೋಹ ನಡೆಯುತ್ತಿತ್ತು ಎಂಬುದೂ ಸುಳ್ಳಲ್ಲ. ಆ ನಷ್ಟ ಸಣ್ಣದಾಗಿರಲಿಲ್ಲ. ಆದರೂ ಕೇಳುತ್ತೇನೆ: ಉಳುವವನ ಹೆಸರು ಉತಾರದಲ್ಲಿ ಏರಿದ್ದು ಬಸವಣ್ಣನವರ ದಾರಿಗೆ ವಿರೋಧವೇ? ಅಂದು ಅರ್ಜಿ ಬರೆದುಕೊಟ್ಟವರಲ್ಲಿ ಈಗಲೂ ಕೆಲವರು ಊರೂರುಗಳಲ್ಲಿ ಬದುಕಿದ್ದಾರೆ. ಅವರನ್ನು ಮಠವೇ ಕರೆದು ಗೌರವಿಸಿದರೆ ಮಠ ಚಿಕ್ಕದಾಗುವುದಿಲ್ಲ.

ಆ ಕಾಲದ ಇನ್ನೊಂದು ಸಂಕಟವನ್ನು ಇಂದಿನ ತರುಣರು ಅರಿಯರು. ನ್ಯಾಯಮಂಡಳಿಯ ನಿರ್ಣಯದಿಂದ ನೊಂದವನಿಗೆ ಹಲವು ವರ್ಷ ಮೇಲ್ಮನವಿಯ ಅವಕಾಶವೇ ಇರಲಿಲ್ಲ. 1986ರ ತಿದ್ದುಪಡಿಯಿಂದ ಬಂದ ಮೇಲ್ಮನವಿ ಪ್ರಾಧಿಕಾರಗಳೂ ಬಹುಕಾಲ ಬಾಳಲಿಲ್ಲ. ಉಳಿದ ದಾರಿ ಉಚ್ಚ ನ್ಯಾಯಾಲಯದ ರಿಟ್ ಒಂದೇ. ಉಚ್ಚ ನ್ಯಾಯಾಲಯ ಇದ್ದುದು ಬೆಂಗಳೂರಿನಲ್ಲಿ, 400 ಕಿಲೋಮೀಟರಿಗೂ ಆಚೆ. ಕಲಘಟಗಿಯ ಕಡೆಯ ಒಕ್ಕಲಿಗನು ರೊಟ್ಟಿಯ ಗಂಟು ಕಟ್ಟಿಕೊಂಡು ರಾತ್ರಿಯ ಬಸ್ಸು ಹಿಡಿಯಬೇಕು. ಮುಂಜಾನೆ ಹೋಗಿ ನೋಡಿದರೆ ಪ್ರಕರಣ ಮುಂದಕ್ಕೆ ಹೋಗಿದೆ! ಎರಡು ಸಲ ಹೋದವನು ಮೂರನೆಯ ಸಲ ಹೋಗುತ್ತಿರಲಿಲ್ಲ. ಕಾಯದೆಯಲ್ಲಿ ಗೆಲ್ಲಬಹುದಾದುದನ್ನು ಎಷ್ಟು ಜನ ಹಾದಿಯಲ್ಲಿಯೇ ಸೋತರೋ.

ಅದಕ್ಕಾಗಿಯೇ ಧಾರವಾಡದಲ್ಲಿ ಉಚ್ಚ ನ್ಯಾಯಾಲಯದ ಪೀಠ ಬೇಕೆಂದು ಈ ಭಾಗದ ವಕೀಲರು ದಶಕಗಳ ಕಾಲ ಹೋರಾಡಿದರು. ಕಲಾಪ ಬಹಿಷ್ಕರಿಸಿದ ದಿನ ವಕೀಲನ ಮನೆಗೂ ಸಂಪಾದನೆಯಿಲ್ಲ ಎಂಬುದನ್ನು ನೆನಪಿಡಿರಿ. 2008ರ ಜುಲೈ 4ರಂದು ಸಂಚಾರಿ ಪೀಠ ಬಂದಿತು. 2013ರ ಆಗಸ್ಟಿನಲ್ಲಿ ಅದು ಕಾಯಂ ಆಯಿತು. ಬೆಳಗಾವಿ, ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ಬಳ್ಳಾರಿ, ಉತ್ತರ ಕನ್ನಡಗಳ ಪಕ್ಷಗಾರರು ಇಂದು ಹಗಲು ಬಂದು ಹಗಲು ತಿರುಗುತ್ತಾರೆ. ಪೀಠ ಬಂದುದಕ್ಕೆ ಫಲಕದ ಮೇಲೆ ಹೆಸರು ಕೊರೆಸಿಕೊಂಡವರನ್ನು ನಾವು ಸನ್ಮಾನಿಸಿದೆವು. ಬೀದಿಯಲ್ಲಿ ಕುಳಿತ ಮುದಿ ವಕೀಲರನ್ನು ಯಾರು ಕೇಳಿದರು?

ಕೆಲವರು ಹೇಳುವುದುಂಟು: "ಇಂಥವರಿಗೆ ಸನ್ಮಾನದ ಆಸೆ ಇರುವುದಿಲ್ಲ." ಇರಲಿಕ್ಕಿಲ್ಲ. ಸನ್ಮಾನ ಅವರಿಗಾಗಿ ಅಲ್ಲ, ಸಭೆಯಲ್ಲಿ ಕುಳಿತವರಿಗಾಗಿ. ನಮ್ಮ ಪ್ರಸಾದನಿಲಯದಲ್ಲಿ ಉಂಡು, ಈಗ ಹುಬ್ಬಳ್ಳಿಯ ನವನಗರದ ಕಾನೂನು ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ ಹುಡುಗನು ವೇದಿಕೆಯ ಮೇಲೆ ಬರಿಯ ಕುಬೇರರನ್ನೇ ಕಂಡರೆ, ವಕೀಲಿಯಿಂದ ಏನಾಗಬೇಕೆಂದು ಕಲಿಯುತ್ತಾನೆ? ಅದೇ ಸಭೆಯ ಹಿಂದಿನ ಸಾಲಿನಲ್ಲಿ, ಗಂಡ ಬಿಟ್ಟ ಮಗಳನ್ನು ಮಗ್ಗುಲಿಗೆ ಕೂಡಿಸಿಕೊಂಡ ತಾಯಿಯೂ ಇರುತ್ತಾಳೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆಯ ಕಾರ್ಮಿಕರು, ಬಂಧನದಲ್ಲಿರುವವರು ಇವರಿಗೆಲ್ಲ ಆದಾಯದ ಮಿತಿಯನ್ನು ನೋಡದೆ ಸರಕಾರದ ಖರ್ಚಿನಲ್ಲಿ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯದೆ ಹೇಳುತ್ತದೆ; ಅದು ಜಾರಿಗೆ ಬಂದುದು 1995ರ ನವಂಬರ 9ರಂದು. ತಾಲೂಕಿನ ಕೋರ್ಟಿನಲ್ಲಿಯೇ ಅದರ ಸಮಿತಿಯಿದೆ. ಈ ಮಾತು ಆ ತಾಯಿಗೆ ಯಾವ ಪ್ರವಚನದಲ್ಲಿ ಕೇಳಿಸಿತು? ತಿಂಗಳುಗಟ್ಟಲೆ ನಡೆಯುವ ಪುರಾಣದಲ್ಲಿ ಒಂದು ಸಂಜೆಯನ್ನು ಇದಕ್ಕೆ ಕೊಟ್ಟರೆ ಪುರಾಣಕ್ಕೆ ಭಂಗ ಬರುವುದೇ?

"ಕೋರ್ಟಿನ ಉಸಾಬರಿ ಮಠಕ್ಕೆ ಬಂದರೆ ರಾಜಕೀಯವೂ ಬಂದೀತು" ಎನ್ನುವ ಹಿರಿಯರಿಗೆ ಒಂದೇ ಉತ್ತರ. ಪೂಜ್ಯರ ಎಡಬಲದ ಕುರ್ಚಿಗಳನ್ನು ನೋಡಿರಿ. ರಾಜಕೀಯ ಬಂದು ಬಹಳ ವರ್ಷಗಳಾದುವು.

ಮಠದ ಹಳೆಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ವಕೀಲರಿದ್ದೀರಿ, ನಿವೃತ್ತ ನ್ಯಾಯಾಧೀಶರಿದ್ದೀರಿ, ಕೋರ್ಟಿನ ಕಾರಕೂನರಿದ್ದೀರಿ. ನೀವು ಓದುವಾಗ ಊಟಕ್ಕೆ ಲೆಕ್ಕ ಕೇಳಿದವರಿಲ್ಲ. ಭಕ್ತರು ಜೋಳ ತಂದು ಸುರಿದರು. ಆ ಜೋಳ ಬೆಳೆದವನ ಮೊಮ್ಮಗ ಇಂದು ನಿಮ್ಮ ಕಚೇರಿಯ ಬಾಗಿಲಲ್ಲಿ ನಿಂತರೆ ಮೊದಲ ಮಾತು ಫೀಯದೇ ಆಗಬೇಕೆ? ವರ್ಷಕ್ಕೆ ಎರಡು ಪ್ರಕರಣಗಳನ್ನು ಮಠದ ಹೆಸರಿನಲ್ಲಿ ಪುಕ್ಕಟೆಯಾಗಿ ನಡೆಸಿರಿ. ಮಠವೂ ತನ್ನ ಪಾಲನ್ನು ಮಾಡಲಿ: ಪೀಠಕ್ಕೆ ದೂರದಿಂದ ಬರುವ ಬಡ ಪಕ್ಷಗಾರನಿಗೆ ಒಂದು ರಾತ್ರಿಯ ವಸತಿ, ಎರಡು ಹೊತ್ತಿನ ಪ್ರಸಾದ. ನಮ್ಮಲ್ಲಿ ಕೋಣೆಗಳಿವೆ, ಬೀಗ ಹಾಕಿವೆ.

ಬಸವ ಜಯಂತಿಯ ಸಮಿತಿ ಸೇರುವುದಕ್ಕೆ ಮುಂಚೆ ಹೆಸರುಗಳು ಮಠದ ಕಾರ್ಯಾಲಯಕ್ಕೆ ಬರಲಿ. ಒಂದೇ ಕರಾರು: ಹೆಸರನ್ನು ಸೂಚಿಸುವವರು ಆ ವಕೀಲರಾಗಲಿ, ಅವರ ಬಂಧುಗಳಾಗಲಿ, ದೇಣಿಗೆದಾರರಾಗಲಿ ಆಗಿರಬಾರದು. ಅವರಿಂದ ನ್ಯಾಯ ಪಡೆದ ಪಕ್ಷಗಾರನೇ ಸೂಚಿಸಬೇಕು. ಬರೆಯಲು ಬಾರದಿದ್ದರೆ ಹೆಬ್ಬೆಟ್ಟು ಒತ್ತಿದ ಕಾರ್ಡೂ ಸಾಕು.